ನಾವಿಕ ಕಾದಂಬರಿಕಾರ ಜೋಸೆಫ್ ಕಾನ್ರಾಡ್

ವಿರಾಟಪರ್ವದ ಉತ್ತರಕುಮಾರನನ್ನು ನೆನೆದರೆ ಕನ್ನಡಿಗರಿಗೆ ಈಗಲೂ ನಗು ಬರುತ್ತದೆ. ಅಂತಃಪುರದ ಹೆಂಗಳೆಯರ ಮುಂದೆ ಪೌರುಷ ಕೊಚ್ಚಿಕೊಂಡು ಹೊರಟವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಅದೇ ಉತ್ತರನು ಕುರುಕ್ಷೇತ್ರದ ಮೊದಲನೆಯ ದಿನವೇ ಶಲ್ಯನೊಡನೆ ಹೋರಾಡಿ ಮಡಿದನೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಧುಮುಕಿದವನೂ ಅವನೇ, ಮಡಿದವನೂ ಅವನೇ. ಹಾಗಾದರೆ ಅವನನ್ನು ಯಾವ ಕ್ಷಣದಿಂದ ಅಳೆಯಬೇಕು? ಹಡಗಿನಿಂದ ಧುಮುಕಿದ ತರುಣನೊಬ್ಬನನ್ನು ಮುಂದಿಟ್ಟುಕೊಂಡು ಈ ಬಗೆಯ ಪ್ರಶ್ನೆಯನ್ನೇ ಮೊದಲಿನಿಂದ ಕೊನೆಯವರೆಗೆ ಕೇಳುವ ಇಂಗ್ಲಿಷ್ ಕಾದಂಬರಿ 'ಲಾರ್ಡ್ ಜಿಮ್'. ಅದನ್ನು ಬರೆದ ಜೋಸೆಫ್ ಕಾನ್ರಾಡ್ ಹುಟ್ಟಿನಿಂದ ಇಂಗ್ಲಿಷಿನವನಲ್ಲ. ವೃತ್ತಿಯಿಂದ ಮೊದಲು ಸಾಹಿತಿಯೂ ಅಲ್ಲ. ಈ ಪ್ರಶ್ನೆ ಅವನಿಗೆ ಪುಸ್ತಕಗಳಿಂದ ಬಂದುದಲ್ಲವೆಂಬುದು ಅವನ ಬಾಳನ್ನು ಅರಿತವರಿಗೆ ತಿಳಿಯುತ್ತದೆ.

ಕಾನ್ರಾಡನು 1857ರ ಡಿಸೆಂಬರ್ 3ರಂದು ಇಂದಿನ ಯುಕ್ರೇನಿಗೆ ಸೇರಿದ ಬೆರ್ದಿಚಿವ್ ಎಂಬಲ್ಲಿ ಜನಿಸಿದನು. ಯೂಜೆಫ್ ತೆಯೊದೋರ್ ಕೊನ್ರಾದ್ ಕೊಜೆನಿಯೋವ್ಸ್ಕಿ ಎಂಬುದು ಅವನ ಪೂರ್ಣ ಹೆಸರು. ರಷ್ಯ, ಪ್ರಷ್ಯ, ಆಸ್ಟ್ರಿಯಾಗಳು ಪೋಲೆಂಡನ್ನು ಹರಿದು ಹಂಚಿಕೊಂಡು ಆಗಲೇ ಅರವತ್ತು ವರ್ಷಗಳಾಗಿದ್ದುವು. ಅವನು ಹುಟ್ಟಿದ ಸೀಮೆ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಅಪೊಲೊ ಕವಿ, ನಾಟಕಕಾರ. ಷೇಕ್ಸ್‌ಪಿಯರ್, ವಿಕ್ಟರ್ ಹ್ಯೂಗೋ ಮೊದಲಾದವರ ಕೃತಿಗಳನ್ನು ಪೋಲಿಷ್ ಭಾಷೆಗೆ ತಂದ ಅನುವಾದಕ. ಎಲ್ಲಕ್ಕಿಂತ ಮಿಗಿಲಾಗಿ ದೇಶದ ಬಿಡುಗಡೆಗೆ ಬಾಳನ್ನು ಮುಡಿಪಿಟ್ಟವನು. 1861ರಲ್ಲಿ ವಾರ್ಸಾದಲ್ಲಿ ಅವನ ಬಂಧನವಾಯಿತು. ಮರುವರ್ಷ ಹೆಂಡತಿ ಮತ್ತು ನಾಲ್ಕು ವರ್ಷದ ಮಗನೊಡನೆ ಉತ್ತರ ರಷ್ಯದ ವೊಲೊಗ್ದಾ ಎಂಬ ಊರಿಗೆ ಗಡೀಪಾರಾದನು. ಅಲ್ಲಿಯ ಚಳಿ ಆ ಸಂಸಾರವನ್ನೇ ಹಿಂಡಿತು. 1865ರಲ್ಲಿ ತಾಯಿ ಏವಾ ಕ್ಷಯರೋಗದಿಂದ ತೀರಿಕೊಂಡಳು. ನಾಲ್ಕು ವರ್ಷಗಳ ತರುವಾಯ ಅದೇ ರೋಗ ತಂದೆಯನ್ನೂ ಒಯ್ದಿತು. 1869ರಲ್ಲಿ ಕ್ರಾಕೋವ್ ನಗರದಲ್ಲಿ ನಡೆದ ಅಪೊಲೊವಿನ ಶವಯಾತ್ರೆಯಲ್ಲಿ ಸಾವಿರಾರು ಜನ ಸೇರಿದರು. ಆ ಮೆರವಣಿಗೆಯ ಮುಂದೆ ಹನ್ನೊಂದು ವರ್ಷದ ಹುಡುಗನೊಬ್ಬನೇ ನಡೆದುಹೋದನು.

ಅನಾಥನಾದ ಬಾಲಕನ ಹೊಣೆ ಹೊತ್ತವನು ಸೋದರಮಾವ ತದೇಉಷ್ ಬೊಬ್ರೋವ್ಸ್ಕಿ. ತಂದೆಯ ಕುಲದವರು ಕನಸಿಗಾಗಿ ಮನೆಮಠಗಳನ್ನು ಸುಟ್ಟುಕೊಳ್ಳುವ ಜನ; ತಾಯಿಯ ಕುಲಕ್ಕೆ ಸೇರಿದ ಈ ಮಾವನು ಲೆಕ್ಕಪತ್ರ ತಪ್ಪದ ವಿವೇಕಿ. ಸೋತೇ ಸೋಲುವ ದಂಗೆಗಳಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಅಳಿಯನ ಸ್ವಭಾವದಲ್ಲಿ ಒಡೆದು ಕಾಣುತ್ತಿದ್ದ ತಂದೆಯ ಲಕ್ಷಣಗಳನ್ನು ಕಂಡು ಅವನು ಕಳವಳಪಡುತ್ತಿದ್ದನು. ಆದರೂ ಬದುಕಿರುವವರೆಗೆ ಅವನನ್ನು ಕೈಬಿಡಲಿಲ್ಲ. ಕಾನ್ರಾಡನ ಕಾದಂಬರಿಗಳಲ್ಲಿ ಆದರ್ಶದ ಮರುಳಿಗೂ ಲೋಕವಿವೇಕಕ್ಕೂ ನಡೆಯುವ ಮುಗಿಯದ ವ್ಯಾಜ್ಯಕ್ಕೆ ಮೂಲ ಈ ಎರಡು ಮನೆತನಗಳಲ್ಲಿಯೇ ಇದೆಯೆನ್ನಬಹುದು.

ಈ ಹುಡುಗ ನಾವಿಕನಾಗುವೆನೆಂದು ಹಟ ಹಿಡಿದನು. ತಂದೆ ಅನುವಾದಿಸಿದ್ದ ಹ್ಯೂಗೋವಿನ ಕಡಲ ಕಾದಂಬರಿಯನ್ನು ಅವನು ಬಾಲ್ಯದಲ್ಲಿಯೇ ಓದಿದ್ದನು. ಮಾವನು ಕೊನೆಗೆ ಮಣಿದನು. 1874ರ ಅಕ್ಟೋಬರಿನಲ್ಲಿ, ಹದಿನೇಳು ತುಂಬುವ ಮುನ್ನವೇ, ತರುಣನು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಹೊರಟನು. ಫ್ರೆಂಚ್ ಹಾಯಿಹಡಗುಗಳಲ್ಲಿ ವೆಸ್ಟ್ ಇಂಡೀಸಿಗೆ ಹೋಗಿಬಂದನು. ಮಾರ್ಸೇಲ್ಸ್ ಅವನಿಗೆ ಕಡಲನ್ನೂ ಕಲಿಸಿತು, ದುಂದುಗಾರಿಕೆಯನ್ನೂ ಕಲಿಸಿತು. ಮಾವನು ಕಳುಹಿಸುತ್ತಿದ್ದ ಹಣ ಸಾಲದಾಯಿತು. ರಷ್ಯದ ಪ್ರಜೆಯಾದ ಅವನಿಗೆ ಸೈನ್ಯಸೇವೆಯ ಕಟ್ಟಳೆ ಇದ್ದುದರಿಂದ ಫ್ರೆಂಚ್ ಹಡಗುಗಳ ಕೆಲಸವೂ ತಪ್ಪಿತು. ಸ್ನೇಹಿತನಿಂದ ಸಾಲ ತಂದ ಹಣವನ್ನು ಮಾಂಟೆ ಕಾರ್ಲೋದ ಜೂಜಿನಲ್ಲಿ ಕಳೆದನು. 1878ರ ಮೊದಲ ತಿಂಗಳುಗಳಲ್ಲಿ ಒಂದು ದಿನ ಪಿಸ್ತೂಲನ್ನು ತನ್ನ ಎದೆಗೇ ಹಿಡಿದು ಹಾರಿಸಿಕೊಂಡನು. ಗುಂಡು ಹೃದಯದ ಪಕ್ಕದಿಂದ ಹಾದುಹೋದುದರಿಂದ ಪ್ರಾಣ ಉಳಿಯಿತು. ತಂತಿ ತಲಪಿದೊಡನೆ ಕೀವ್ ನಗರದಲ್ಲಿದ್ದ ಮಾವನು ಮಾರ್ಸೇಲ್ಸಿಗೆ ಧಾವಿಸಿದನು. ಸಾಲಗಳನ್ನು ತೀರಿಸಿದನು.

ಆಮೇಲೆ ನಡೆದುದು ಇನ್ನೂ ಗಮನಾರ್ಹ. ದ್ವಂದ್ವಯುದ್ಧದಲ್ಲಿ ಗಾಯವಾಯಿತೆಂಬ ಕಥೆ ಹುಟ್ಟಿಕೊಂಡಿತು. ಬಂಧುಗಳಿಗೂ, ಮುಂದೆ ಹೆಂಡತಿ ಮಕ್ಕಳಿಗೂ, ಕಾನ್ರಾಡನು ಅದನ್ನೇ ಹೇಳಿದನು. ಮುಪ್ಪಿನ ಕಾಲದಲ್ಲಿ ಬರೆದ 'ದಿ ಆರೋ ಆಫ್ ಗೋಲ್ಡ್' ಕಾದಂಬರಿಯಲ್ಲಿ ಆ ದ್ವಂದ್ವಯುದ್ಧಕ್ಕೆ ಪ್ರೇಮದ ಬಣ್ಣವನ್ನೂ ಕೊಟ್ಟನು. ಮಾವನು 1879ರಲ್ಲಿ ಕುಟುಂಬದ ಹಿರಿಯ ಮಿತ್ರನೊಬ್ಬನಿಗೆ ಬರೆದಿದ್ದ ಕಾಗದ ಕಾನ್ರಾಡನ ಮರಣಾನಂತರ ಬೆಳಕಿಗೆ ಬಂದಮೇಲೆ ಲೋಕಕ್ಕೆ ನಿಜ ತಿಳಿಯಿತು. ಇಪ್ಪತ್ತರ ಹರೆಯದಲ್ಲಿ ಒಂದು ಕ್ಷಣ ತನ್ನನ್ನು ತಾನೇ ತೊರೆದವನು ಆ ಕ್ಷಣವನ್ನು ಬಾಳುದ್ದಕ್ಕೂ ಮುಚ್ಚಿಟ್ಟನು. ಈ ಸಂಗತಿಯನ್ನು ಅವನನ್ನು ಹಳಿಯಲೆಂದು ಇಲ್ಲಿ ಹೇಳುತ್ತಿಲ್ಲ. ಮುಂದೆ ಅವನು ಬರೆದ ಕಾದಂಬರಿಯ ನಾಯಕ ಮುಚ್ಚಿಡಲು ಒಪ್ಪದವನು. ಆ ವ್ಯತ್ಯಾಸದ ತೂಕ ತಿಳಿಯಬೇಕಾದರೆ ಇದನ್ನು ಅರಿತಿರಬೇಕು.

ಅದೇ ವರ್ಷ ಬ್ರಿಟಿಷ್ ಹಡಗೊಂದನ್ನು ಸೇರಿ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೋಸ್ಟಾಫ್ಟ್ ಬಂದರಿನಲ್ಲಿ ಇಳಿದನು. ಇಂಗ್ಲಿಷಿನಲ್ಲಿ ಆಗ ಅವನಿಗೆ ಬರುತ್ತಿದ್ದುದು ಕೆಲವೇ ಮಾತು. ಅಲ್ಲಿಂದ ಹದಿನಾರು ವರ್ಷ ಬ್ರಿಟನ್ನಿನ ವ್ಯಾಪಾರಿ ನೌಕಾದಳವೇ ಅವನ ಮನೆಯಾಯಿತು. 1880ರಲ್ಲಿ ಅಧಿಕಾರಿಯ ಪರೀಕ್ಷೆಗೆ ಕುಳಿತಾಗ ತನ್ನ ಹಿಂದಿನ ಸೇವಾವಧಿಯನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸಿದ್ದನೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಕೆಲವು ಪರೀಕ್ಷೆಗಳಲ್ಲಿ ಮೊದಲ ಸಲ ಅನುತ್ತೀರ್ಣನೂ ಆದನು. 1886ರಲ್ಲಿ ಬ್ರಿಟಿಷ್ ಪ್ರಜೆಯಾದನು. ಅದೇ ವರ್ಷ ಕಪ್ತಾನನಾಗುವ ಅರ್ಹತಾಪತ್ರವನ್ನೂ ಪಡೆದನು. ನಮ್ಮ ದೇಶದ ನೆಲವನ್ನೂ ಅವನು ಮೆಟ್ಟಿದ್ದುಂಟು. 1884ರಲ್ಲಿ 'ರಿವರ್ಸ್‌ಡೇಲ್' ಎಂಬ ಹಡಗಿನ ಕಪ್ತಾನನೊಡನೆ ಮನಸ್ತಾಪವಾಗಿ ಮದರಾಸಿನಲ್ಲಿ ಇಳಿದುಬಿಟ್ಟನು. ಅಲ್ಲಿಂದ ಮುಂಬಯಿಗೆ ಬಂದು 'ನಾರ್ಸಿಸಸ್' ಎಂಬ ಹಡಗನ್ನು ಸೇರಿದನು. ಆ ಪಯಣದ ಅನುಭವವೇ 1897ರಲ್ಲಿ ಅವನಿಗೆ ಹೆಸರು ತಂದ ಕಾದಂಬರಿಯೊಂದಕ್ಕೆ ವಸ್ತುವಾಯಿತು.

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು 'ಪಾಲೆಸ್ಟೈನ್' ಎಂಬ ಹಳೆಯ ಹಡಗಿನ ಪ್ರಸಂಗ. ಕಲ್ಲಿದ್ದಲನ್ನು ತುಂಬಿಕೊಂಡು ಬ್ಯಾಂಕಾಕಿಗೆ ಹೊರಟಿದ್ದ ಈ ಹಡಗಿಗೆ 1883ರ ಮಾರ್ಚಿಯಲ್ಲಿ ಸುಮಾತ್ರದ ಬಳಿ ಬೆಂಕಿ ಬಿತ್ತು. ಆರಿಸುವ ಯತ್ನಗಳೆಲ್ಲ ವಿಫಲವಾಗಿ ಹಡಗಿನ ಮೇಲುಹಾಸೇ ಸಿಡಿದುಹೋದ ಮೇಲೆ ಅಧಿಕಾರಿಗಳೂ ಆಳುಗಳೂ ದೋಣಿಗಳಿಗಿಳಿದು ದಡ ಸೇರಿದರು. ಸಿಂಗಾಪುರದಲ್ಲಿ ವಿಚಾರಣೆ ನಡೆದು ಎಲ್ಲರೂ ನಿರ್ದೋಷಿಗಳೆಂದು ತೀರ್ಪಾಯಿತು. ಹೀಗೆ ಹಡಗನ್ನು ತೊರೆದು ವಿಚಾರಣೆಯನ್ನು ಎದುರಿಸುವುದೆಂದರೇನೆಂಬುದನ್ನು ಕಾನ್ರಾಡನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಸ್ವತಃ ಕಂಡಿದ್ದನು. ಅವನ ಮೇಲೆ ಕಳಂಕ ಬರಲಿಲ್ಲ. ಆದರೆ ಕಳಂಕ ಹೊತ್ತ ಇನ್ನೊಂದು ಹಡಗಿನ ಕಥೆ ಆ ಬಂದರಿನಲ್ಲಿ ಇನ್ನೂ ಹಸಿಯಾಗಿಯೇ ಇತ್ತು.

1880ರ ಜುಲೈ ತಿಂಗಳಲ್ಲಿ 'ಜೆಡ್ಡಾ' ಎಂಬ ಉಗಿಹಡಗು ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ತುಂಬಿಕೊಂಡು ಸಿಂಗಾಪುರದಿಂದ ಹೊರಟಿತ್ತು. ಆಗಸ್ಟ್ ತಿಂಗಳಲ್ಲಿ ಆಫ್ರಿಕದ ಗ್ವಾರ್ಡಫುಯಿ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ನೀರು ಒಳನುಗ್ಗತೊಡಗಿತು. ಕಪ್ತಾನನೂ ಅವನ ಬಿಳಿಯ ಅಧಿಕಾರಿಗಳೂ ಯಾತ್ರಿಕರನ್ನು ನಡುಗಡಲಲ್ಲಿ ಬಿಟ್ಟು ದೋಣಿಯಲ್ಲಿ ತಪ್ಪಿಸಿಕೊಂಡರು. ಬೇರೊಂದು ಹಡಗು ಅವರನ್ನು ಏಡನ್ ಬಂದರಿಗೆ ಒಯ್ದಿತು. ಹಡಗು ಮುಳುಗಿತೆಂದು ಅವರು ಅಲ್ಲಿ ವರದಿ ಕೊಟ್ಟರು. ಸ್ವಲ್ಪ ಸಮಯದಲ್ಲಿಯೇ ಮುಳುಗಿದ್ದ ಹಡಗು ಯಾತ್ರಿಕರ ಸಮೇತ ಮತ್ತೊಂದು ಹಡಗಿನ ನೆರವಿನಿಂದ ಅದೇ ಬಂದರಿಗೆ ಬಂದು ನಿಂತಿತು! ವಿಚಾರಣೆಯಲ್ಲಿ ಕಪ್ತಾನನ ಅರ್ಹತಾಪತ್ರವನ್ನು ಮೂರು ವರ್ಷ ತಡೆಹಿಡಿಯಲಾಯಿತು. ಹಡಗನ್ನು ತೊರೆಯುವಂತೆ ಅವನನ್ನು ಪ್ರೇರಿಸಿದನೆಂಬ ಖಂಡನೆಗೆ ಗುರಿಯಾದವನು ಪ್ರಥಮಾಧಿಕಾರಿ ಎ. ಪಿ. ವಿಲಿಯಮ್ಸ್, ಇಂಗ್ಲೆಂಡಿನ ಪಾದ್ರಿಯೊಬ್ಬನ ಮಗ. ಅವನು ಊರು ಬಿಟ್ಟು ಓಡಲಿಲ್ಲ. ತನ್ನ ಅಪಕೀರ್ತಿ ಎಲ್ಲರ ಬಾಯಲ್ಲಿದ್ದ ಸಿಂಗಾಪುರಕ್ಕೇ ಹಿಂತಿರುಗಿದನು. ಹಡಗುಗಳಿಗೆ ಸಾಮಾನು ಒದಗಿಸುವ ಮಳಿಗೆಯ ಗುಮಾಸ್ತನಾಗಿ, ದೊಡ್ಡ ಸಂಸಾರವನ್ನು ಸಾಕಿ, 1916ರಲ್ಲಿ ಅಲ್ಲಿಯೇ ಮಡಿದನು. ಇವನೇ ಜಿಮ್‌ನ ಮೊದಲ ಮೂರ್ತಿ.

ಕಾನ್ರಾಡನು 1888ರಲ್ಲಿ 'ಒಟಾಗೊ' ಎಂಬ ಹಡಗಿನ ಕಪ್ತಾನನಾದನು. 1890ರಲ್ಲಿ ಆಫ್ರಿಕದ ಕಾಂಗೋ ನದಿಯ ಉಗಿದೋಣಿಯ ಕೆಲಸಕ್ಕೆ ಹೋಗಿ, ಬೆಲ್ಜಿಯಂ ದೊರೆ ಲಿಯೊಪೋಲ್ಡನ ಹೆಸರಿನಲ್ಲಿ ನಡೆಯುತ್ತಿದ್ದ ಸುಲಿಗೆಯನ್ನು ಕಣ್ಣಾರೆ ಕಂಡು, ದೇಹವನ್ನೂ ಮನಸ್ಸನ್ನೂ ಕೆಡಿಸಿಕೊಂಡು ಹಿಂತಿರುಗಿದನು. ಅವನ ಪೆಟ್ಟಿಗೆಯಲ್ಲಿ ಆಗಲೇ ಅರ್ಧ ಬರೆದ ಕಾದಂಬರಿಯ ಹಸ್ತಪ್ರತಿಯಿತ್ತು. 1894ರಲ್ಲಿ ಕಡಲ ಕೆಲಸ ನಿಂತುಹೋಯಿತು. ಅದೇ ವರ್ಷ ಮಾವನೂ ತೀರಿಕೊಂಡನು. ಮರುವರ್ಷ ಪ್ರಕಟವಾದ ಮೊದಲ ಕಾದಂಬರಿ 'ಆಲ್ಮೇಯರ್ಸ್ ಫಾಲಿ' ಮಾವನ ಸ್ಮೃತಿಗೆ ಅರ್ಪಿತವಾಯಿತು. 1896ರಲ್ಲಿ ಜೆಸ್ಸಿ ಜಾರ್ಜ್ ಎಂಬ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗಿ ಮುಂದೆ ಕೆಂಟ್ ಪ್ರಾಂತದ ಹಳ್ಳಿಮನೆಯಲ್ಲಿ ನೆಲಸಿದನು. ಹಡಗಿನ ಮೇಲೆ ಹೊಯ್ದಾಡಿದ ದೇಹ ಮೇಜಿನ ಮುಂದೆ ಇನ್ನಷ್ಟು ನವೆಯಿತು. ಕೀಲುನೋವು, ಸಾಲ, ಮುಗಿಯದ ಹಸ್ತಪ್ರತಿ — ಮುಂದಿನ ಎರಡು ದಶಕಗಳು ಇವುಗಳ ನಡುವೆಯೇ ಕಳೆದುವು.

ಇಂತಹ ದಿನಗಳಲ್ಲಿ ಒಂದು ಸಣ್ಣ ಕಥೆಯೆಂದು ಆರಂಭವಾದ 'ಲಾರ್ಡ್ ಜಿಮ್' ಬೆಳೆಬೆಳೆದು ಕಾದಂಬರಿಯಾಯಿತು. 1899ರ ಅಕ್ಟೋಬರಿನಿಂದ 'ಬ್ಲಾಕ್‌ವುಡ್ಸ್' ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1900ರಲ್ಲಿ ಪುಸ್ತಕವಾಯಿತು. ಕಥೆ ತಿಳಿಯದ ವಾಚಕರಿಗಾಗಿ ಅದನ್ನು ಸಂಗ್ರಹಿಸುವುದು ಉಚಿತ. ಪಾದ್ರಿಯ ಮಗನಾದ ಜಿಮ್ ಸಾಹಸದ ಪುಸ್ತಕಗಳನ್ನು ಓದಿ ತಾನೊಬ್ಬ ವೀರನೆಂದು ಕನಸು ಕಂಡವನು. ಎಂಟುನೂರು ಯಾತ್ರಿಕರನ್ನು ಹೊತ್ತ 'ಪಾಟ್ನಾ' ಎಂಬ ತುಕ್ಕುಹಿಡಿದ ಹಡಗಿನಲ್ಲಿ ಅವನು ಅಧಿಕಾರಿ. ಶಾಂತವಾದ ಒಂದು ರಾತ್ರಿ ಹಡಗು ನೀರಿನಡಿಯ ಯಾವುದೋ ವಸ್ತುವಿಗೆ ತಾಗುತ್ತದೆ. ನೀರನ್ನು ತಡೆದಿರುವುದು ಕಬ್ಬಿಣದ ಒಂದೇ ಅಡ್ಡಗೋಡೆ. ದೋಣಿಗಳು ಎಲ್ಲರಿಗೂ ಸಾಲುವಂತಿಲ್ಲ. ಯಾತ್ರಿಕರು ನಿದ್ದೆಯಲ್ಲಿದ್ದಾರೆ. ಕಪ್ತಾನನೂ ಸಂಗಡಿಗರೂ ಗುಟ್ಟಾಗಿ ದೋಣಿಯಿಳಿಸುತ್ತಾರೆ. ಅವರ ಹೇಡಿತನವನ್ನು ಕಂಡು ಅಸಹ್ಯಪಟ್ಟು ದೂರ ನಿಂತಿದ್ದ ಜಿಮ್, ಕೊನೆಯ ಗಳಿಗೆಯಲ್ಲಿ, ಹೇಗೆಂದು ತನಗೇ ತಿಳಿಯದೆ, ಅದೇ ದೋಣಿಯಲ್ಲಿರುತ್ತಾನೆ. ಹಡಗು ಮುಳುಗುವುದಿಲ್ಲ. ಉಳಿದವರು ತಲೆತಪ್ಪಿಸಿಕೊಂಡಾಗ ವಿಚಾರಣೆಯ ಕಟಕಟೆಯಲ್ಲಿ ನಿಲ್ಲುವವನು ಜಿಮ್ ಒಬ್ಬನೇ.

ವಿಲಿಯಮ್ಸನ ಕಥೆಯನ್ನು ಕಾನ್ರಾಡನು ಎಲ್ಲಿ ತಿರುಗಿಸಿದನೆಂಬುದನ್ನು ಇಲ್ಲಿ ನೋಡಬೇಕು. ನಿಜವಾದ ಹಡಗಿನಲ್ಲಿ ಪ್ರಥಮಾಧಿಕಾರಿಯು ಪಲಾಯನಕ್ಕೆ ಪ್ರೇರಕನೆಂಬ ಆರೋಪವಿತ್ತು. ಕಾದಂಬರಿಯಲ್ಲಿ ಅವನು ಒಲ್ಲದವನು. ನಿಜವಾದ ಹಡಗಿಗೆ ಬಿರುಗಾಳಿಯಿತ್ತು. ಕಾದಂಬರಿಯಲ್ಲಿ ಕಡಲು ತಟಸ್ಥ. ಬಿರುಗಾಳಿಯ ನೆಪವನ್ನು ಕಿತ್ತುಕೊಂಡು, ದುರುಳನ ಹಣೆಪಟ್ಟಿಯನ್ನೂ ಕಳಚಿ, ನಮ್ಮ ನಿಮ್ಮಂತಹ ಒಬ್ಬ ಒಳ್ಳೆಯ ಹುಡುಗನನ್ನು ಅವನು ಆ ಅಂಚಿನಲ್ಲಿ ನಿಲ್ಲಿಸಿದನು. ದುಷ್ಟನು ತಪ್ಪು ಮಾಡಿದರೆ ನ್ಯಾಯ ಹೇಳುವುದು ಸುಲಭ. ಒಳ್ಳೆಯವನು ತಪ್ಪು ಮಾಡಿದಾಗ ನ್ಯಾಯಾಧೀಶನೂ ತನ್ನೊಳಗೆ ಇಣುಕಿ ನೋಡಬೇಕಾಗುತ್ತದೆ. ಕಾದಂಬರಿಯಲ್ಲಿ ಹಾಗೆ ಇಣುಕಿದವನು ಕಪ್ತಾನ ಬ್ರೈಯರ್ಲಿ. ವಿಚಾರಣಾ ಮಂಡಲಿಯ ಸದಸ್ಯ, ಕಳಂಕವನ್ನೇ ಅರಿಯದ ಧೀರ. ವಿಚಾರಣೆ ಮುಗಿದ ಕೆಲವೇ ದಿನಗಳಲ್ಲಿ ತನ್ನ ಚಿನ್ನದ ಗಡಿಯಾರವನ್ನು ಜೋಪಾನವಾಗಿ ಕಟಾಂಜನಕ್ಕೆ ತೂಗುಹಾಕಿ ತಾನೂ ಕಡಲಿಗೆ ಧುಮುಕುತ್ತಾನೆ. ಕಾರಣವನ್ನು ಕಾದಂಬರಿಕಾರನು ಹೇಳುವುದಿಲ್ಲ.

ಇದಕ್ಕೆ ಎದುರಾಗಿ ಒಬ್ಬ ಫ್ರೆಂಚ್ ನೌಕಾಧಿಕಾರಿಯಿದ್ದಾನೆ. ಬಿಟ್ಟುಹೋದ 'ಪಾಟ್ನಾ' ಹಡಗನ್ನು ಎಳೆದು ತರುವಾಗ ಮೂವತ್ತು ಗಂಟೆಗಳ ಕಾಲ ಅದರ ಮೇಲೆಯೇ ನಿಂತವನು. ಭಯ ಎಲ್ಲರಿಗೂ ಇರುವುದೆಂದು ಅವನು ಒಪ್ಪುತ್ತಾನೆ. ಆದರೆ ಮಾನ ಹೋದ ಮೇಲೆ ಬಾಳು ಏನಾಗುವುದೆಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಜಿಮ್‌ನ ಕಥೆಯನ್ನು ನಮಗೆ ಹೇಳುವ ಹಿರಿಯ ನಾವಿಕ ಮಾರ್ಲೋ ಈ ಎಲ್ಲರ ಸಾಕ್ಷ್ಯವನ್ನೂ ಕೂಡಿಸುತ್ತಾನೆ. ಜಿಮ್‌ನನ್ನು ಪ್ರೀತಿಸುತ್ತಾನೆ, ಕ್ಷಮಿಸಲಾರದೆ ಹೋಗುತ್ತಾನೆ, ಬಿಡಲೂ ಆರನು. ತೀರ್ಪು ಕೊಡದಿರುವುದು ಕಾದಂಬರಿಕಾರನ ದೌರ್ಬಲ್ಯವೆಂದು ಕೆಲವು ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ಜಿಮ್‌ನ ತಪ್ಪು ತಪ್ಪೆಂಬುದರಲ್ಲಿ ಕಾನ್ರಾಡನಿಗೆ ಎಂದೂ ಸಂದೇಹವಿಲ್ಲ. ಆ ತಪ್ಪೇ ಜಿಮ್‌ನ ಪೂರ್ಣಸ್ವರೂಪವೇ ಎಂಬುದಷ್ಟೇ ಅವನ ಸಂದೇಹ.

ಕಾದಂಬರಿಯ ಉತ್ತರಾರ್ಧದಲ್ಲಿ ಜಿಮ್ ಪಟುಸಾನ್ ಎಂಬ ದೂರದ ಮಲಯ ಸೀಮೆಯಲ್ಲಿ ಜನರ ನಂಬಿಕೆಗೆ ಪಾತ್ರನಾಗಿ, ಅವರ ಪ್ರಭುವೆನಿಸುತ್ತಾನೆ. ಅಲ್ಲಿಗೆ ಬ್ರೌನ್ ಎಂಬ ಕಡಲುಗಳ್ಳನು ಬಂದು ಸಿಕ್ಕಿಬೀಳುತ್ತಾನೆ. ಜಿಮ್‌ನ ಪೂರ್ವಚರಿತ್ರೆಯನ್ನು ಅರಿಯದಿದ್ದರೂ ಅವನ ಮಾತುಗಳು ಜಿಮ್‌ನ ಹಳೆಯ ಗಾಯಕ್ಕೇ ನಾಟುತ್ತವೆ. ಒಮ್ಮೆ ತಪ್ಪಿದವನಿಗೆ ಇನ್ನೊಂದು ಅವಕಾಶವಿರಬೇಕೆಂದು ನಂಬಿದ ಜಿಮ್ ಅವನನ್ನು ಬಿಟ್ಟುಬಿಡುತ್ತಾನೆ. ಬ್ರೌನ್ ಹೋಗುವಾಗ ವಿಶ್ವಾಸಘಾತದಿಂದ ಊರ ಹಿರಿಯ ದೊರಮಿನ್‌ನ ಮಗನನ್ನು ಕೊಲ್ಲುತ್ತಾನೆ. ಜಿಮ್ ತಪ್ಪಿಸಿಕೊಳ್ಳಬಹುದಾಗಿತ್ತು. ತಪ್ಪಿಸಿಕೊಳ್ಳದೆ ನೇರವಾಗಿ ದೊರಮಿನ್‌ನ ಮುಂದೆ ನಿಂತು ಅವನ ಗುಂಡಿಗೆ ಎದೆಯೊಡ್ಡುತ್ತಾನೆ. ಇದು ಪ್ರಾಯಶ್ಚಿತ್ತವೇ? ಹಾಗೆನ್ನುವಷ್ಟರಲ್ಲಿ, ತನ್ನನ್ನು ಬಿಟ್ಟುಹೋಗಬೇಡವೆಂದು ಕಾಲು ಹಿಡಿದು ಬೇಡಿದ ಹೆಣ್ಣಿನ ಮುಖ ಕಣ್ಣ ಮುಂದೆ ಬರುತ್ತದೆ. ಅವಳ ಪಾಲಿಗೆ ಇದು ಇನ್ನೊಂದು ಧುಮುಕುವಿಕೆ. ಎರಡು ಅರ್ಥಗಳಲ್ಲಿ ಒಂದನ್ನು ಅಳಿಸಲು ಕಾನ್ರಾಡನು ಒಪ್ಪುವುದಿಲ್ಲ.

ಈ ಕಾದಂಬರಿಯನ್ನು ಬರೆಯುತ್ತಿದ್ದ ಕಾಲದಲ್ಲಿಯೇ, 1899ರಲ್ಲಿ, ಅವನ ತಾಯ್ನಾಡಿನ ಹೆಸರಾಂತ ಕಾದಂಬರಿಕಾರ್ತಿ ಎಲೀಜಾ ಒಜೆಷ್ಕೋವಾ ಬಹಿರಂಗವಾಗಿ ಅವನ ಮೇಲೆ ಕಟುವಾದ ಆರೋಪ ಹೊರಿಸಿದಳು. ಆಪತ್ತಿನಲ್ಲಿರುವ ದೇಶವನ್ನು ತೊರೆದು, ಪರಭಾಷೆಗೆ ತನ್ನ ಪ್ರತಿಭೆಯನ್ನು ಮಾರಿಕೊಂಡನೆಂಬುದು ಅದರ ಸಾರ. ದೇಶಕ್ಕಾಗಿ ಪ್ರಾಣ ತೆತ್ತ ತಂದೆಯ ಮಗನಿಗೆ ಈ ಮಾತು ಎಷ್ಟು ನೊಂದಿರಬೇಡ! ಹದಿನೈದು ವರ್ಷಗಳ ಮೇಲೆ ಪೋಲೆಂಡಿಗೆ ಹೋದಾಗಲೂ ಆಕೆಯ ಹೆಸರೆತ್ತಿದರೆ ಅವನು ಸಿಡಿಮಿಡಿಗೊಂಡನು. ಹಡಗು ಬಿಟ್ಟ ಜಿಮ್‌ನಲ್ಲಿ ದೇಶ ಬಿಟ್ಟ ಕಾನ್ರಾಡನನ್ನೇ ಕಂಡ ವಿಮರ್ಶಕರಿದ್ದಾರೆ. ಅದನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಆದರೂ ತೊರೆದುಬಂದವನೆಂಬ ಮಾತಿನ ನೋವನ್ನು ಬಲ್ಲವನಲ್ಲದೆ ಬೇರೊಬ್ಬನು ಆ ಕಟಕಟೆಯ ದೃಶ್ಯವನ್ನು ಬರೆಯುವುದು ಕಷ್ಟ.

ಕಾನ್ರಾಡನು ಕೇಳಿದ ಪ್ರಶ್ನೆಯನ್ನು ಅವನಿಗೂ ಕೇಳದೆ ಬಿಡಬಾರದು. 'ಪಾಟ್ನಾ' ಹಡಗಿನಲ್ಲಿ ಎಂಟುನೂರು ಜನರಿದ್ದರು. ಅವರನ್ನು ಬಿಟ್ಟುಹೋದ ಒಬ್ಬನ ಅಂತಸ್ಸಾಕ್ಷಿಗೆ ನೂರಾರು ಪುಟಗಳು ಮೀಸಲಾದುವು. ಬಿಟ್ಟುಹೋಗಲ್ಪಟ್ಟವರಲ್ಲಿ ಒಬ್ಬನಿಗೂ ಹೆಸರಿಲ್ಲ. ಆ ರಾತ್ರಿಯನ್ನು ಅವರು ಹೇಗೆ ಕಳೆದರೆಂದು ನಾವು ಅರಿಯೆವು. ಕಾಂಗೋ ಅನುಭವದಿಂದ ಹುಟ್ಟಿದ 'ಹಾರ್ಟ್ ಆಫ್ ಡಾರ್ಕ್‌ನೆಸ್' ಕೃತಿಯಲ್ಲಿ ಆಫ್ರಿಕದ ಜನರು ಮನುಷ್ಯರಾಗಿ ಕಾಣಿಸಿಕೊಳ್ಳುವುದೇ ಇಲ್ಲವೆಂದು ನೈಜೀರಿಯಾದ ಕಾದಂಬರಿಕಾರ ಚಿನುವ ಅಚಿಬೆ 1975ರ ಉಪನ್ಯಾಸದಲ್ಲಿ ಆಕ್ಷೇಪಿಸಿದನು. ಸುಲಿಗೆಯನ್ನು ಖಂಡಿಸಿದ ಕಾನ್ರಾಡನ ಕಣ್ಣಿಗೆ ಸುಲಿಗೆಗೊಳಗಾದವರ ಮುಖ ಸ್ಪಷ್ಟವಾಗಿ ಕಾಣಲಿಲ್ಲವೆಂಬ ಮಾತನ್ನು ನಮ್ಮ ಓದುಗರೂ ಮರೆಯುವಂತಿಲ್ಲ.

'ನಾಸ್ಟ್ರೊಮೊ' 1904ರಲ್ಲಿಯೂ 'ದಿ ಸೀಕ್ರೆಟ್ ಏಜೆಂಟ್' 1907ರಲ್ಲಿಯೂ ಬಂದುವು. ವಿಮರ್ಶಕರ ಮನ್ನಣೆ ದೊರೆಯಿತು, ಹಣ ಮಾತ್ರ ದೊರೆಯಲಿಲ್ಲ. 1910ರ ಮೊದಲಲ್ಲಿ ರಷ್ಯವನ್ನು ಕುರಿತ ಕಾದಂಬರಿಯೊಂದನ್ನು ಮುಗಿಸಿದೊಡನೆ ಅವನು ತೀವ್ರವಾಗಿ ಕಾಯಿಲೆ ಬಿದ್ದನು. ಸನ್ನಿಯಲ್ಲಿ ಪೋಲಿಷ್ ಭಾಷೆಯಲ್ಲಿ ಬಡಬಡಿಸುತ್ತಿದ್ದನೆಂದು ಹೆಂಡತಿ ದಾಖಲಿಸಿದ್ದಾಳೆ. 'ಚಾನ್ಸ್' ಕಾದಂಬರಿ 1914ರಲ್ಲಿ ಪುಸ್ತಕವಾಗಿ ಮಾರಾಟವಾದ ಮೇಲೆ ಬಡತನ ಹಿಂದೆ ಸರಿಯಿತು. ಅದೇ ವರ್ಷ ಸಂಸಾರದೊಡನೆ ಪೋಲೆಂಡನ್ನು ನೋಡಲು ಹೋದವನು ಮಹಾಯುದ್ಧ ಸಿಡಿದುದರಿಂದ ಅಲ್ಲಿಯೇ ಸಿಕ್ಕಿಕೊಂಡು, ಬಹು ಕಷ್ಟದಿಂದ ಇಂಗ್ಲೆಂಡಿಗೆ ಮರಳಿದನು. 1924ರಲ್ಲಿ ಬ್ರಿಟಿಷ್ ಸರ್ಕಾರ ಕೊಡಬಂದ ಸರ್ ಪದವಿಯನ್ನು ವಿನಯದಿಂದ ನಿರಾಕರಿಸಿದನು. ಆ ವರ್ಷದ ಆಗಸ್ಟ್ 3ರಂದು ಕ್ಯಾಂಟರ್ಬರಿಯ ಸಮೀಪದ ತನ್ನ ಮನೆಯಲ್ಲಿ ಕೊನೆಯುಸಿರೆಳೆದನು. ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ ಅವನ ಹೆಸರಿನಲ್ಲಿ ಅಕ್ಷರದೋಷ ಉಳಿದುಹೋಗಿದೆ.

ಅವನ ಕಥೆಗೆ ಸಮಾಧಿಯ ಆಚೆಗೂ ಒಂದು ಅಧ್ಯಾಯವಿದೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡು ನಾಜಿಗಳ ಕೈಗೆ ಸಿಕ್ಕಿದಾಗ, ಭೂಗತ ಸೈನ್ಯವನ್ನು ಸೇರಿದ ಅಲ್ಲಿಯ ತರುಣರು ಕಾನ್ರಾಡನನ್ನು, ಅದರಲ್ಲಿಯೂ 'ಲಾರ್ಡ್ ಜಿಮ್' ಕಾದಂಬರಿಯನ್ನು, ಪೋಲಿಷ್ ಅನುವಾದದಲ್ಲಿ ಓದಿದರು. ಗೆಲುವಿನ ಆಸೆಯಿಲ್ಲದಿದ್ದರೂ ನಿಂತ ಜಾಗದಲ್ಲಿ ನಿಲ್ಲಬೇಕೆಂಬ ಪಾಠವನ್ನು ಅವರು ಅದರಲ್ಲಿ ಕಂಡರು. ಯುದ್ಧ ಮುಗಿದೊಡನೆ ಯಾನ್ ಕೊಟ್ ಎಂಬ ವಿಮರ್ಶಕನು ಇಂತಹ ಕುರುಡುನಿಷ್ಠೆಯನ್ನು ಕಟುವಾಗಿ ಟೀಕಿಸಿದನು. ಲೇಖಕಿ ಮರಿಯಾ ದೊಂಬ್ರೋವ್ಸ್ಕಾ ಕಾನ್ರಾಡನ ಪರವಾಗಿ ವಾದಿಸಿದಳು. ದೇಶ ಬಿಟ್ಟವನೆಂದು ಒಮ್ಮೆ ಕಟಕಟೆಯಲ್ಲಿ ನಿಲ್ಲಿಸಲ್ಪಟ್ಟವನು ಅದೇ ದೇಶಕ್ಕಾಗಿ ಮಡಿದ ಮಕ್ಕಳಿಗೆ ಗುರುವಾಗಿದ್ದನು. ಆ ಪುಸ್ತಕದಲ್ಲಿ ಅವರು ಓದಿದುದು ಧುಮುಕಿದವನೊಬ್ಬನ ಕಥೆಯನ್ನೇ.